ಹಂಗಾಮು ಕೆಡದಂತೆ ತಂತ್ರಾಂಶ ಬದಲಾಯಿಸುವ ಕ್ರಮ

ಅಥಣಿ ತಾಲ್ಲೂಕಿನ ಸತ್ತಿಯು ಕೃಷ್ಣಾ ನದಿಯ ದಂಡೆಯ ಗ್ರಾಮ. ಇಲ್ಲಿಯೂ, ಸುತ್ತಲಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿಯೂ ನೀರಿನ ಅನುಕೂಲವಿದ್ದಲ್ಲೆಲ್ಲ ಕಬ್ಬು ಬೆಳೆಯುವುದು ವಾಡಿಕೆ. ಕಬ್ಬು ಬೆಳೆಯುವ ರೈತನಿಗೆ ಈಗ ಕುಡಗೋಲು, ಸಲಿಕೆಗಳಷ್ಟೇ ಫೋನೂ ಬೇಕಾಗಿದೆ. ಉತಾರ ನೋಡುವುದಕ್ಕೆ, ಬೆಳೆ ಸಮೀಕ್ಷೆಯ ಚಿತ್ರ ಕಳಿಸುವುದಕ್ಕೆ, ಮಳೆಯ ಮುನ್ಸೂಚನೆ ತಿಳಿಯುವುದಕ್ಕೆ, ಬ್ಯಾಂಕಿಗೆ ಹಣ ಬಂತೇ ಎಂದು ನೋಡುವುದಕ್ಕೆ ಅದೇ ಸಾಧನ. ಈ ಫೋನಿನೊಳಗಿನ ತಂತ್ರಾಂಶಗಳು ಇದ್ದಂತೆ ಇರುವುದಿಲ್ಲ. ತಯಾರಿಸಿದವರು ಆಗಾಗ್ಗೆ ಅವನ್ನು ತಿದ್ದಿ ಹೊಸ ಆವೃತ್ತಿಯನ್ನು ಕಳಿಸುತ್ತಾರೆ. ಇದನ್ನೇ ನಾವೆಲ್ಲ ‘ಅಪ್‌ಡೇಟ್’ ಎನ್ನುತ್ತೇವೆ. ಬೇಸಾಯ ಶಾಸ್ತ್ರದ ವಿಜ್ಞಾನಿಗೆ ಈ ವಿಷಯವೇಕೆ ಎಂದು ಓದುಗರು ಕೇಳಬಹುದು. ಒಂದು ತಪ್ಪಿನಲ್ಲಿ ನನ್ನದೂ ಪಾಲಿತ್ತು. ಅದನ್ನು ಹೇಳಿಯೇ ಮುಂದುವರಿಯುವುದು ಒಳಿತು.

ಹನ್ನೆರಡು ಚೀಲದ ಲೆಕ್ಕ

ಕೆಲವು ವರ್ಷಗಳ ಹಿಂದೆ ನಾನಿದ್ದ ಕೇಂದ್ರವೊಂದರಲ್ಲಿ ರೈತರಿಗೆ ಗೊಬ್ಬರದ ಪ್ರಮಾಣ ತಿಳಿಸುವ ಸಣ್ಣ ತಂತ್ರಾಂಶವೊಂದನ್ನು ಮಾಡಿಸಿದ್ದೆವು. ಜಮೀನಿನ ಅಳತೆ ಮತ್ತು ಬೆಳೆಯ ಹೆಸರನ್ನು ಕೊಟ್ಟರೆ ಎಷ್ಟು ಚೀಲ ಯೂರಿಯಾ, ಎಷ್ಟು ಸೂಪರ್ ಫಾಸ್ಫೇಟ್, ಎಷ್ಟು ಪೊಟ್ಯಾಷ್ ಎಂಬುದನ್ನು ಅದು ಹೇಳುತ್ತಿತ್ತು. ಸಾವಿರಾರು ರೈತರು ಅದನ್ನು ನೆಚ್ಚಿದ್ದರು. ಮುಂದೆ ಅದಕ್ಕೆ ಹೊಸ ಬೆಳೆಗಳನ್ನು ಸೇರಿಸುವಾಗ ಒಳಗಿನ ಕೋಷ್ಟಕವನ್ನು ಎಕರೆಯಿಂದ ಹೆಕ್ಟೇರಿಗೆ ಬದಲಾಯಿಸಲಾಯಿತು. ಶಿಫಾರಸುಗಳೆಲ್ಲ ಹೆಕ್ಟೇರಿನ ಲೆಕ್ಕದಲ್ಲಿಯೇ ಇರುವುದರಿಂದ ಅದು ಸರಿಯಾದ ಕ್ರಮವೇ ಆಗಿತ್ತು. ಆದರೆ ಫೋನಿನ ಪರದೆಯ ಮೇಲಿನ ‘ಎಕರೆಗೆ’ ಎಂಬ ಶಿರೋನಾಮೆ ಹಾಗೆಯೇ ಉಳಿಯಿತು. ಜೂನ್ ತಿಂಗಳ ಒಂದು ಶುಕ್ರವಾರ ಸಂಜೆ, ಆಡಸಾಲಿ ನಾಟಿಗೆ ಜನ ಅಣಿಯಾಗುತ್ತಿದ್ದ ಹೊತ್ತಿಗೆ, ಹೊಸ ಆವೃತ್ತಿಯು ಎಲ್ಲರ ಫೋನಿಗೂ ಒಮ್ಮೆಗೇ ಹೋಯಿತು. ಶನಿವಾರ, ಭಾನುವಾರ ಕಚೇರಿಗೆ ಬೀಗ.

ಸೋಮವಾರ ಬೆಳಿಗ್ಗೆ ಸತ್ತಿಯಿಂದ ಹಿರಿಯ ರೈತರೊಬ್ಬರು ಫೋನ್ ಮಾಡಿದರು. “ಸಾಹೇಬ್ರ, ಎಕರೇಕ ಹನ್ನೆರಡ ಚೀಲ ಯೂರಿಯಾ ಹಾಕು ಅಂತ ನಿಮ್ಮ ಫೋನ್ ಹೇಳಾಕತ್ತೈತಿ. ಐದ ಹಾಕಿದ್ರ ನಮ್ಮಪ್ಪ ಬೈತಿದ್ದ. ಹನ್ನೆರಡ ಹಾಕಿದ್ರ ಕಬ್ಬ ನಿಂದರತೈತೇನ್ರಿ?” ಎಂದು ಕೇಳಿದರು.

ಅವರ ಲೆಕ್ಕ ಸರಿಯಾಗಿತ್ತು. ನೀರಾವರಿ ಕಬ್ಬಿಗೆ ಹೆಕ್ಟೇರಿಗೆ 250 ಕಿಲೋ ಸಾರಜನಕ ಎಂದರೆ ಸುಮಾರು 543 ಕಿಲೋ ಯೂರಿಯಾ, 45 ಕಿಲೋ ತೂಕದ ಹನ್ನೆರಡು ಚೀಲ. ಎಕರೆಗಾದರೆ ಸುಮಾರು 220 ಕಿಲೋ, ಐದು ಚೀಲವೂ ಪೂರ್ತಿ ಬೇಕಾಗದು. ಎರಡೂವರೆ ಪಟ್ಟು ಸಾರಜನಕ ಬಿದ್ದ ಕಬ್ಬು ಹಸಿರಾಗಿ ಸೊಕ್ಕಿ ಬೆಳೆದು ಮಲಗುತ್ತದೆ, ಕೀಟಗಳಿಗೆ ಆಹ್ವಾನ ಕೊಡುತ್ತದೆ, ರಸದ ಗುಣಮಟ್ಟವೂ ಇಳಿಯುತ್ತದೆ. ಖರ್ಚಿನ ಮಾತು ಬೇರೆ. ಅಂದು ಸಂಜೆಯೊಳಗಾಗಿ ತಪ್ಪನ್ನು ತಿದ್ದಿದೆವು. ಆದರೆ ತಿದ್ದಿದ ಆವೃತ್ತಿ ತಲುಪುವ ಮೊದಲು ಎಷ್ಟು ಮಂದಿ ಹನ್ನೆರಡು ಚೀಲ ಕೊಂಡರು, ಎಷ್ಟು ಮಂದಿ ಹಾಕಿದರು ಎಂಬುದು ನಮಗೆ ತಿಳಿಯಲೇ ಇಲ್ಲ. ಯಾರ ಫೋನಿನಲ್ಲಿ ಯಾವ ಆವೃತ್ತಿ ಇದೆ ಎಂದು ನೋಡುವ ಏರ್ಪಾಡನ್ನೇ ನಾವು ಮಾಡಿರಲಿಲ್ಲ. ಆ ಕೋಷ್ಟಕವನ್ನು ನೋಡಿ ಒಪ್ಪಿಗೆಯ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಹೊಸ ತಳಿ ಹೊಲಕ್ಕೆ ಬರುವ ಬಗೆ

ಇದೇ ನಾವು, ಕಬ್ಬಿನ ಹೊಸ ತಳಿಯ ವಿಷಯದಲ್ಲಿ ಎಷ್ಟು ಎಚ್ಚರಿಕೆಯಿಂದಿರುತ್ತೇವೆ ನೋಡಿರಿ. ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಂದು ತಳಿ ಚೆನ್ನಾಗಿ ಕಂಡಿತೆಂದ ಮಾತ್ರಕ್ಕೆ ಮರುದಿನ ಅಥಣಿಯ ಹೊಲಗಳಿಗೆಲ್ಲ ಅದನ್ನು ಕಳಿಸುವುದಿಲ್ಲ. ಕೇಂದ್ರದಲ್ಲಿ ನಾಟಿ ಬೆಳೆ, ಕುಳೆ ಬೆಳೆ ಎರಡನ್ನೂ ನೋಡಬೇಕು. ಬೇರೆ ಬೇರೆ ಸ್ಥಳಗಳಲ್ಲಿ ಬೆಳೆದು ನೋಡಬೇಕು. ಆ ಮೇಲೆ ಕೆಲವು ರೈತರ ಹೊಲಗಳಲ್ಲಿ, ಅವರು ಈಗಾಗಲೇ ಬೆಳೆಯುತ್ತಿರುವ ತಳಿಯ ಪಕ್ಕದಲ್ಲಿ ಹಾಕಿ ಹೋಲಿಸಬೇಕು. ಇದೆಲ್ಲ ಮುಗಿದು ಬಿಡುಗಡೆಯಾದ ಬಳಿಕವೂ ಹರಡುವುದು ನಿಧಾನವೇ. ಒಂದು ಎಕರೆ ಬೀಜದ ಕಬ್ಬಿನಿಂದ ಮರುವರ್ಷ ಎಂಟು ಹತ್ತು ಎಕರೆ ನಾಟಿ ಮಾಡಬಹುದು, ಅದಕ್ಕಿಂತ ಹೆಚ್ಚಿಲ್ಲ. ನಮ್ಮ ಭಾಗದಲ್ಲಿ ಹೆಸರಾದ ಕೋ 86032, ಅಂದರೆ ‘ನಯನ’ ತಳಿಯು 2000ದಲ್ಲಿ ಬಿಡುಗಡೆಯಾಗಿ ಊರೂರಿಗೆ ಹಬ್ಬಲು ವರ್ಷಗಳೇ ಹಿಡಿದವು.

ಈ ನಿಧಾನವು ಕಬ್ಬಿನ ಗುಣ, ನಾವು ಬೇಕೆಂದು ಮಾಡಿದ್ದಲ್ಲ. ಆದರೆ ಅದರಿಂದ ಆಗುವ ಉಪಕಾರ ದೊಡ್ಡದು. ತಳಿಯಲ್ಲಿ ಏನಾದರೂ ಊನವಿದ್ದರೆ ಅದು ಹತ್ತು ಎಕರೆಯಲ್ಲಿ ಇರುವಾಗಲೇ ಹೊರಬೀಳಲು ಸಮಯ ಸಿಗುತ್ತದೆ. ತಂತ್ರಾಂಶಕ್ಕೆ ಈ ಗುಣವಿಲ್ಲ. ಅದರ ‘ಬೀಜ’ ಒಂದು ನಿಮಿಷದಲ್ಲಿ ಕೋಟಿ ಆಗುತ್ತದೆ, ಸಾಗಣೆಯ ವೆಚ್ಚವೂ ಇಲ್ಲದಂತೆಯೇ. ಒಳ್ಳೆಯದು ಎಷ್ಟು ಬೇಗ ಮುಟ್ಟುತ್ತದೆಯೋ ಕೆಟ್ಟದ್ದೂ ಅಷ್ಟೇ ಬೇಗ ಮುಟ್ಟುತ್ತದೆ. ಆದುದರಿಂದ ಕಬ್ಬಿಗೆ ಪ್ರಕೃತಿಯೇ ಕೊಟ್ಟ ನಿಧಾನವನ್ನು ತಂತ್ರಾಂಶಕ್ಕೆ ಮನುಷ್ಯರೇ ಲೆಕ್ಕ ಹಾಕಿ ಕೊಡಬೇಕಾಗುತ್ತದೆ.

ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 19ರಂದು ಜಗತ್ತೇ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆ ಗಣಕಯಂತ್ರಗಳನ್ನು ಕಳ್ಳರಿಂದ ಕಾಯುವ ತಂತ್ರಾಂಶವನ್ನು ಮಾರುತ್ತದೆ. ಅಂದು ಬೆಳಿಗ್ಗೆ ನಮ್ಮ ಕಾಲಮಾನ 9 ಗಂಟೆ 39 ನಿಮಿಷಕ್ಕೆ ಅದು ಒಂದು ಸಣ್ಣ ಕಡತವನ್ನು ತನ್ನ ಗಿರಾಕಿಗಳ ವಿಂಡೋಸ್ ಯಂತ್ರಗಳಿಗೆ ಒಮ್ಮೆಗೇ ಕಳಿಸಿತು. ಕಡತದಲ್ಲಿ ದೋಷವಿತ್ತು. ಸುಮಾರು 85 ಲಕ್ಷ ಯಂತ್ರಗಳು ನಿಂತುಹೋದವು. ವಿಮಾನಗಳು ಹಾರಲಿಲ್ಲ, ಆಸ್ಪತ್ರೆಗಳ ಕೆಲಸ ನಿಂತಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿ ಕೊಡಬೇಕಾಯಿತು. ಸಂಸ್ಥೆಯವರು 78 ನಿಮಿಷಗಳಲ್ಲಿ ಕಡತವನ್ನು ಹಿಂತೆಗೆದುಕೊಂಡರು. ಆದರೆ ಅಷ್ಟರಲ್ಲಿ ನಿಂತುಹೋದ ಯಂತ್ರಗಳು ತಾವಾಗಿ ಏಳಲಿಲ್ಲ. ಬಹುಪಾಲು ಯಂತ್ರಗಳ ಮುಂದೆ ಒಬ್ಬೊಬ್ಬ ಮನುಷ್ಯ ಕುಳಿತು ಸರಿಮಾಡಬೇಕಾಯಿತು. ಇನ್ನು ಮುಂದೆ ಇಂತಹ ಕಡತಗಳನ್ನೂ ಹಂತ ಹಂತವಾಗಿಯೇ ಕಳಿಸುವುದಾಗಿ ಆ ಮೇಲೆ ಅವರು ತಿಳಿಸಿದರು.

ಹಂತ ಹಂತವೆಂದರೆ ಎಲ್ಲವೂ ಕ್ಷೇಮವೆಂದೂ ತಿಳಿಯಬಾರದು. ಉತ್ತರ ಪ್ರದೇಶದಲ್ಲಿ 2009ರಲ್ಲಿ ಬಿಡುಗಡೆಯಾದ ಕೋ 0238 ತಳಿ ಇಳುವರಿಯಲ್ಲಿಯೂ ಸಕ್ಕರೆಯ ಅಂಶದಲ್ಲಿಯೂ ಅತ್ಯುತ್ತಮವಾಗಿತ್ತು. ಸುಮಾರು ಹತ್ತು ವರ್ಷಗಳಲ್ಲಿ ಆ ರಾಜ್ಯದ ಕಬ್ಬಿನ ಕ್ಷೇತ್ರದ ಶೇ. 80ಕ್ಕೂ ಹೆಚ್ಚು ಭಾಗವನ್ನು ಅದೊಂದೇ ಆಕ್ರಮಿಸಿತು. ಮುಂದೆ ಅದಕ್ಕೆ ಕೆಂಪು ಕೊಳೆ ರೋಗ ತಗುಲಿದಾಗ ಬದಲಿಗೆ ಹಾಕಲು ಬೇರೆ ತಳಿಯ ಬೀಜ ಬೇಕಾದಷ್ಟು ಸಿಗದೆ ರೈತರು ಕಷ್ಟಪಟ್ಟರು. ಹೊಸದು ನಿಧಾನವಾಗಿಯೇ ಬಂದಿತ್ತು, ಹಳೆಯದನ್ನು ಉಳಿಸಿಕೊಂಡಿರಲಿಲ್ಲ.

ಮೊದಲು ಯಾರಿಗೆ ಕೊಡಬೇಕು?

ಹೊಸ ಆವೃತ್ತಿಯನ್ನು ಮೊದಲು ನೂರರಲ್ಲಿ ಒಬ್ಬರಿಗೆ ಮಾತ್ರ ಬಿಟ್ಟು, ಎರಡು ಮೂರು ದಿನ ಕಾದು, ತೊಂದರೆ ಕಾಣದಿದ್ದರೆ ಹತ್ತು ಮಂದಿಗೆ, ಬಳಿಕ ಅರ್ಧದಷ್ಟು ಜನರಿಗೆ, ಕೊನೆಗೆ ಎಲ್ಲರಿಗೂ ಬಿಡುವ ಅನುಕೂಲ ಇಂದು ತಂತ್ರಾಂಶದ ಅಂಗಡಿಗಳಲ್ಲಿಯೇ ಇದೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ತಾಳ್ಮೆ ಮಾತ್ರ ಬೇಕು. ಆದರೆ ಆ ಮೊದಲ ಗುಂಪಿನಲ್ಲಿ ಯಾರಿರಬೇಕು ಎಂಬುದನ್ನು ಬಹಳ ಮಂದಿ ಯೋಚಿಸುವುದಿಲ್ಲ. ಕಚೇರಿಯ ಸಿಬ್ಬಂದಿಯ ಹೊಸ ಫೋನುಗಳಲ್ಲಿ ಪರೀಕ್ಷೆ ಮಾಡುವುದೆಂದರೆ, ಸಂಶೋಧನಾ ಕೇಂದ್ರದ ಕಪ್ಪು ಭೂಮಿಯಲ್ಲಿ ಮಾತ್ರ ತಳಿ ನೋಡಿ ಮಡ್ಡಿ ಭೂಮಿಯವನಿಗೆ ಶಿಫಾರಸು ಮಾಡಿದಂತೆ. ಐದಾರು ವರ್ಷದ ಹಳೆಯ ಫೋನಿನವರು, ನೆಟ್‌ವರ್ಕ್ ಸಿಗದ ನದಿಯ ದಂಡೆಯ ಹೊಲದವರು, ಮಗನ ಫೋನಿನಲ್ಲಿ ಕೆಲಸ ಮಾಡಿಸುವವರು, ನಮ್ಮ ಗಡಿ ಭಾಗದಲ್ಲಾದರೆ ಕನ್ನಡಕ್ಕಿಂತ ಮರಾಠಿಯನ್ನು ಸುಲಭವಾಗಿ ಓದುವವರು, ಇವರೆಲ್ಲ ಆ ಗುಂಪಿನಲ್ಲಿರಬೇಕು. ಎರಡೂವರೆ ಎಕರೆಯವನೂ ಇರಬೇಕು, ಗುಂಟೆಯ ಲೆಕ್ಕದವನೂ ಇರಬೇಕು. ಸತ್ತಿಯ ಆ ಹಿರಿಯರಂತೆ ಕೈಯಲ್ಲಿಯೇ ಲೆಕ್ಕ ಇರುವ ಒಬ್ಬಿಬ್ಬರು ಮೊದಲ ದಿನವೇ ನೋಡಿದ್ದರೆ ನಮ್ಮ ತಪ್ಪು ಇಪ್ಪತ್ತು ಮನೆಗಳೊಳಗೆ ಮುಗಿದುಹೋಗುತ್ತಿತ್ತು.

ಬಿಟ್ಟ ಮೇಲೆ ನೋಡುತ್ತಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಎಷ್ಟು ಫೋನುಗಳಲ್ಲಿ ತಂತ್ರಾಂಶ ನಡುವೆಯೇ ಮುಚ್ಚಿಹೋಯಿತು, ಎಷ್ಟು ಜನ ಅರ್ಧಕ್ಕೆ ಬಿಟ್ಟು ಹೊರಬಂದರು ಎಂಬ ಎಣಿಕೆ ಸಿಗುತ್ತದೆ. ಆದರೆ ನಮ್ಮ ಪ್ರಸಂಗದಂತಹ ತಪ್ಪು ಆ ಎಣಿಕೆಯಲ್ಲಿ ಬರುವುದಿಲ್ಲ. ಅಲ್ಲಿ ತಂತ್ರಾಂಶ ಸರಾಗವಾಗಿಯೇ ಓಡುತ್ತಿತ್ತು, ಹೇಳುತ್ತಿದ್ದುದು ಮಾತ್ರ ತಪ್ಪು. ಅದಕ್ಕೆ ಮನುಷ್ಯರ ಫೋನ್ ಕರೆಯೇ ಬೇಕು, ಕರೆಯನ್ನು ಎತ್ತಿಕೊಳ್ಳುವವರೂ ಬೇಕು.

ಹಳೆಯದೂ ಹೊಸದೂ ಜೊತೆಯಾಗಿ

ನಮ್ಮ ರಾಜ್ಯದಲ್ಲಿ ರೈತರೆಲ್ಲರ ಬದುಕಿಗೆ ತಟ್ಟಿದ ಅತಿ ದೊಡ್ಡ ಬದಲಾವಣೆ ‘ಭೂಮಿ’ ಯೋಜನೆಯದು. ಅದಕ್ಕೆ ಮೊದಲು ಉತಾರವು ತಲಾಟಿಯ ಕೈಬರಹದಲ್ಲಿ, ಅವರ ಪುಸ್ತಕದಲ್ಲಿ ಇರುತ್ತಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಗಣಕಯಂತ್ರಕ್ಕೆ ಹಾಕುವ ಕೆಲಸವದು. ಇದನ್ನು ಒಂದೇ ದಿನ ರಾಜ್ಯಕ್ಕೆಲ್ಲ ಹೇರಲಿಲ್ಲ. ಮೊದಲು ಕೆಲವೇ ತಾಲ್ಲೂಕುಗಳಲ್ಲಿ, ಬಳಿಕ ಜಿಲ್ಲೆಗೊಂದರಂತೆ, ಆ ಮೇಲೆ ಉಳಿದವುಗಳಲ್ಲಿ ಜಾರಿಗೆ ತಂದು, 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕೇಂದ್ರಗಳಿಗೆಲ್ಲ ವಿಸ್ತರಿಸಲಾಯಿತು. ಯಂತ್ರಕ್ಕೆ ಹಾಕಿದ ದಾಖಲೆಯ ಪ್ರತಿ ತೆಗೆದು ಗ್ರಾಮ ಲೆಕ್ಕಾಧಿಕಾರಿಗಳು ಮೂಲ ಪುಸ್ತಕದೊಡನೆ ತಾಳೆ ನೋಡುತ್ತಿದ್ದರು. ಹೀಗೆ ತಾಳೆಯಾದ ಮೇಲೆಯೇ ಆಯಾ ತಾಲ್ಲೂಕಿನಲ್ಲಿ ಕೈಬರಹದ ಉತಾರಕ್ಕೆ ಮಾನ್ಯತೆ ಇಲ್ಲವೆಂದು ಸಾರಲಾಯಿತು. ಅಂದರೆ ಹಳೆಯದು ಹೋಗುವ ದಿನ ಎಲ್ಲ ತಾಲ್ಲೂಕಿಗೂ ಒಂದೇ ಆಗಿರಲಿಲ್ಲ, ಆದರೆ ಪ್ರತಿ ತಾಲ್ಲೂಕಿಗೂ ಅಂತಹ ಒಂದು ದಿನವಿತ್ತು.

ಇದರಲ್ಲಿ ನನಗೆ ಹಿಡಿಸಿದ ಇನ್ನೊಂದು ಸಂಗತಿಯಿದೆ. ಕೇಂದ್ರದಲ್ಲಿ ಕುಳಿತ ಸಿಬ್ಬಂದಿಯ ಮುಂದೆ ಒಂದು ಪರದೆ, ಕಿಟಕಿಯ ಈಚೆ ನಿಂತ ರೈತನ ಕಡೆಗೆ ಮುಖ ಮಾಡಿ ಇನ್ನೊಂದು ಪರದೆ ಇಟ್ಟಿದ್ದರು. ಒಳಗೆ ಏನು ಟೈಪು ಮಾಡುತ್ತಿದ್ದಾರೆಂಬುದು ರೈತನಿಗೂ ಕಾಣುತ್ತಿತ್ತು. ಹದಿನೈದು ರೂಪಾಯಿ ಕೊಟ್ಟು ಉತಾರ ಪಡೆಯುವವನು ತನ್ನ ಹೆಸರು ತಪ್ಪಾದುದನ್ನು ಅಲ್ಲಿಯೇ ನೋಡಿ ಹೇಳಬಹುದಿತ್ತು.

ಎಲ್ಲವೂ ಸುಸೂತ್ರವಾಯಿತೆಂದು ಹೇಳುವಂತಿಲ್ಲ. ಹೆಸರು, ಹಿಸ್ಸೆ, ಕ್ಷೇತ್ರಗಳಲ್ಲಿ ತಪ್ಪು ಬಿದ್ದವರು ತಿದ್ದುಪಡಿಗಾಗಿ ಅಲೆದುದುಂಟು. ಊರಲ್ಲಿಯೇ ಸಿಗುತ್ತಿದ್ದ ಕಾಗದಕ್ಕೆ ತಾಲ್ಲೂಕು ಕೇಂದ್ರದವರೆಗೆ ಬಸ್ಸು ಹತ್ತಬೇಕಾಗಿ ಬಂದುದೂ ಉಂಟು. ಸತ್ತಿಯವರಿಗೆ ಅಥಣಿಗೆ ಹೋಗಿಬಂದರೆ ಒಂದು ದಿನದ ಕೆಲಸ ಹೋದಂತೆಯೇ. ನಾಡಕಚೇರಿಗಳಲ್ಲಿ, ಕೊನೆಗೆ ಫೋನಿನಲ್ಲಿಯೇ ಉತಾರ ದೊರೆಯುವಂತಾದ ಮೇಲೆ ಆ ತೊಂದರೆ ಇಳಿಯಿತು. ಬದಲಾವಣೆ ಮಾಡುವವರ ಲೆಕ್ಕದಲ್ಲಿ ರೈತನ ಬಸ್ಸಿನ ಖರ್ಚು ಬರುವುದಿಲ್ಲ. ಅದನ್ನು ಸೇರಿಸಿಕೊಂಡೇ ಲೆಕ್ಕ ಮಾಡಬೇಕೆಂಬುದು ನನ್ನ ಅಭಿಪ್ರಾಯ. ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದ ಎರಡನೆಯ ಆವೃತ್ತಿಯನ್ನೂ 2023ರಲ್ಲಿ ಇದೇ ರೀತಿ ಕೆಲವು ಉಪನೋಂದಣಿ ಕಚೇರಿಗಳಲ್ಲಿ ಮೊದಲು ತೆರೆದು, ಹಂತಗಳಲ್ಲಿ ರಾಜ್ಯಕ್ಕೆ ವಿಸ್ತರಿಸಿದರು.

ಹಿಂದಿರುಗುವ ದಾರಿ

ನದಿಗೆ ಪಂಪ್ ಇಟ್ಟು ನೀರೆತ್ತುವ ರೈತರಿಗೆ ಇದನ್ನು ವಿವರಿಸುವುದು ಸುಲಭ. ತಿಳಿದವನು ಹಳೆಯ ಪಂಪನ್ನು ಬಿಚ್ಚಿ ಎಸೆದು ಅದೇ ಜಾಗದಲ್ಲಿ ಹೊಸದನ್ನು ಕೂರಿಸುವುದಿಲ್ಲ. ಪಕ್ಕದಲ್ಲಿ ಹೊಸದನ್ನು ಕೂರಿಸಿ, ಪೈಪಿಗೆ ಎರಡು ವಾಲ್ವ್ ಇಟ್ಟು, ಹೊಸದನ್ನು ಓಡಿಸಿ ನೋಡುತ್ತಾನೆ. ನೀರು ಸರಿಯಾಗಿ ಬರದಿದ್ದರೆ ಒಂದು ವಾಲ್ವ್ ಮುಚ್ಚಿ ಇನ್ನೊಂದನ್ನು ತೆರೆದರಾಯಿತು, ಕಬ್ಬು ಒಣಗುವುದಿಲ್ಲ. ದೊಡ್ಡ ತಂತ್ರಾಂಶ ನಡೆಸುವವರು ಮಾಡುವುದೂ ಇದನ್ನೇ. ಹಳೆಯ ಯಂತ್ರಗಳನ್ನು ಓಡುತ್ತಿರುವಂತೆಯೇ ಇಟ್ಟು, ಹೊಸ ಆವೃತ್ತಿಯನ್ನು ಬೇರೆ ಯಂತ್ರಗಳಲ್ಲಿ ಹೂಡಿ, ಜನರನ್ನು ಸ್ವಲ್ಪ ಸ್ವಲ್ಪವಾಗಿ ಅದರ ಕಡೆಗೆ ತಿರುಗಿಸುತ್ತಾರೆ.

ಆದರೆ ನೀರು ಎರಡೂ ಪಂಪಿಗೆ ಒಂದೇ, ಮಾಹಿತಿ ಹಾಗಲ್ಲ. ಹೊಸ ಆವೃತ್ತಿಯು ಮಾಹಿತಿಯನ್ನು ಬೇರೆ ರೀತಿಯಲ್ಲಿ ಬರೆದಿಟ್ಟರೆ ಹಳೆಯದಕ್ಕೆ ಅದು ಅರ್ಥವಾಗದು, ಹಿಂದಿರುಗುವ ದಾರಿ ಅಲ್ಲಿಗೆ ಮುಚ್ಚಿತು. ಆದುದರಿಂದ ಕೆಲವು ಕಾಲ ಎರಡು ರೀತಿಯಲ್ಲಿಯೂ ಬರೆದಿಡುವುದು ಒಳ್ಳೆಯ ಪದ್ಧತಿ. ನಮ್ಮ ಗೊಬ್ಬರದ ತಂತ್ರಾಂಶದಲ್ಲಿ ತಪ್ಪು ಬಯಲಾದ ಮೇಲೆ ಹೀಗೆಯೇ ಮಾಡಿದೆವು. ಒಂದು ಪೂರ್ತಿ ಹಂಗಾಮು ಎಕರೆಯ ಲೆಕ್ಕ, ಹೆಕ್ಟೇರಿನ ಲೆಕ್ಕ ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿದೆವು. ಪರದೆ ಸ್ವಲ್ಪ ಇಕ್ಕಟ್ಟಾಯಿತು, ಯುವಕ ಸಹೋದ್ಯೋಗಿಗಳಿಗೆ ಅದು ಚೆಂದವೆನಿಸಲಿಲ್ಲ. ರೈತರಾರೂ ದೂರಲಿಲ್ಲ.

ಬದಲಾಯಿಸಲು ಕಾಲ ಯಾವುದು?

ಎಷ್ಟು ಎಚ್ಚರಿಕೆಯಿಂದ ಮಾಡಿದರೂ ಒಮ್ಮೊಮ್ಮೆ ತಪ್ಪು ಆಗಿಯೇ ಆಗುತ್ತದೆ. ಹಾಗಾಗಿ ತಪ್ಪಾದರೂ ಕಡಿಮೆ ನಷ್ಟವಾಗುವ ಕಾಲವನ್ನು ಆರಿಸಿಕೊಳ್ಳಬೇಕು. ಈ ವಿಷಯದಲ್ಲಿ ಪಟ್ಟಣದಲ್ಲಿ ಕುಳಿತು ತಂತ್ರಾಂಶ ಬರೆಯುವವರಿಗೂ ಬೇಸಾಯಗಾರರಿಗೂ ಪಂಚಾಂಗವೇ ಬೇರೆ. ಸಕ್ಕರೆ ಕಾರ್ಖಾನೆಯ ಕಾಟಾದ ಉದಾಹರಣೆ ತೆಗೆದುಕೊಳ್ಳಿರಿ. ನವೆಂಬರಿನಿಂದ ಮಾರ್ಚಿಯವರೆಗೆ ಕಬ್ಬು ನುರಿಸುವ ಹಂಗಾಮು. ಆಗ ತೂಕದ ತಂತ್ರಾಂಶವನ್ನು ಬದಲಾಯಿಸಲು ಹೋಗಿ ಅರ್ಧ ದಿನ ಕಾಟಾ ನಿಂತರೆ, ಟ್ರ್ಯಾಕ್ಟರುಗಳೂ ಎತ್ತಿನ ಗಾಡಿಗಳೂ ರಸ್ತೆಯುದ್ದಕ್ಕೂ ನಿಲ್ಲುತ್ತವೆ. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಆ ನಷ್ಟ ರೈತನ ಪಾಲಿಗೇ ಬರುವುದು. ಅದೇ ಕೆಲಸವನ್ನು ಮೇ ತಿಂಗಳಲ್ಲಿ ಮಾಡಿದರೆ ಯಾರಿಗೂ ತೊಂದರೆಯಿಲ್ಲ. ಅನಿವಾರ್ಯವಾಗಿ ಹಂಗಾಮಿನ ನಡುವೆ ಮಾಡಲೇಬೇಕಾದರೆ ಅಂದು ಕಾಟಾದ ಬಳಿ ಕಾರ್ಬನ್ ಹಾಳೆಯ ಪಾವತಿ ಪುಸ್ತಕ ಸಿದ್ಧವಿರಬೇಕು.

ಬೆಳೆ ಸಮೀಕ್ಷೆಯಲ್ಲಿ ಈ ಕ್ರಮ ಒಂದು ಮಟ್ಟಿಗೆ ಬಂದಿದೆ. 2020ರ ಮುಂಗಾರಿನಲ್ಲಿ ರೈತರು ತಾವೇ ಫೋನಿನಿಂದ ಬೆಳೆಯ ವಿವರ, ಚಿತ್ರಗಳನ್ನು ಕಳಿಸುವ ಅವಕಾಶವಾಯಿತು. ಆ ಬಳಿಕ ಹಂಗಾಮು ಮತ್ತು ವರ್ಷದ ಹೆಸರು ಹೊತ್ತ ಬೇರೆ ಬೇರೆ ಆ್ಯಪ್‌ಗಳು ಬಂದವು. ಪ್ರತಿ ಬಾರಿಯೂ ಹೊಸದನ್ನು ಹಾಕಿಕೊಳ್ಳುವುದು ಬೇಸರವೆಂದು ರೈತರು ಹೇಳುವುದನ್ನು ಕೇಳಿದ್ದೇನೆ. ಆದರೂ ಮುಂಗಾರಿನ ನಡುವೆ ಹಿಂಗಾರಿನ ನಿಯಮಗಳು ಬಂದು ತಲೆಕೆಡಿಸುವುದಕ್ಕಿಂತ ಅದು ಮೇಲು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ನೆರೆ ಬಂದಾಗಿನ ಪರಿಹಾರ ಇವೆಲ್ಲಕ್ಕೂ ಈ ಸಮೀಕ್ಷೆಯ ಮಾಹಿತಿಯೇ ಆಧಾರವಾಗುವುದರಿಂದ, ಕಡೆಯ ದಿನಾಂಕದ ಹತ್ತಿರ ಯಾವ ಬದಲಾವಣೆಯೂ ಬೇಡ.

ದಿನದ ಹೊತ್ತೂ ಮುಖ್ಯವೇ. ಶುಕ್ರವಾರ ಸಂಜೆ ಬಿಡುಗಡೆ ಮಾಡುವ ಪದ್ಧತಿಯನ್ನು ನಾವು ಅಂದಿನಿಂದ ಬಿಟ್ಟಿದ್ದೇವೆ. ಈಗ ಮಂಗಳವಾರ ಬೆಳಿಗ್ಗೆ.

ರೈತರು ಮಾಡಬೇಕಾದುದು

ಹೊಸ ಆವೃತ್ತಿ ಬಂದಿದೆಯೆಂದು ಫೋನು ಹೇಳಿದ ಕೂಡಲೇ ಹೊಲದಲ್ಲಿ ನಿಂತು ಒತ್ತಬೇಡಿರಿ. ನೆಟ್‌ವರ್ಕ್ ನಡುವೆ ಕಡಿದುಹೋದರೆ ಅಂದಿನ ಕೆಲಸವೇ ನಿಂತೀತು. ಊರಲ್ಲಿ, ಚಾರ್ಜು ಸಾಕಷ್ಟಿರುವಾಗ, ಸಂಜೆ ಹೊತ್ತು ಮಾಡಿಕೊಳ್ಳಿರಿ. ಅದಕ್ಕೆ ಮೊದಲು, ಹೊಲದಲ್ಲಿ ತೆಗೆದು ಇನ್ನೂ ಕಳಿಸದೆ ಉಳಿದಿರುವ ಸಮೀಕ್ಷೆಯ ಚಿತ್ರಗಳನ್ನು ಕಳಿಸಿ ಮುಗಿಸಿರಿ. ಕೆಲವರು ಹೊಸದು ಸರಿಯಾಗಿ ತೆರೆಯದಿದ್ದಾಗ ಆ್ಯಪನ್ನೇ ಅಳಿಸಿ ಮತ್ತೆ ಹಾಕಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಕಳಿಸದೆ ಉಳಿದ ಮಾಹಿತಿ ಸಾಮಾನ್ಯವಾಗಿ ಹೋದಂತೆಯೇ.

ಅಪ್‌ಡೇಟನ್ನು ಮಾಡಿಕೊಳ್ಳದೆಯೇ ಇರುವುದೂ ಸರಿಯಲ್ಲ. ಬ್ಯಾಂಕಿನ ತಂತ್ರಾಂಶ ಮತ್ತು ಫೋನಿನ ಭದ್ರತೆಗೆ ಸಂಬಂಧಿಸಿದ ಆವೃತ್ತಿಗಳನ್ನು ತಡಮಾಡದೆ ಹಾಕಿಕೊಳ್ಳತಕ್ಕದ್ದು. ಆದರೆ ಫೋನಿನೊಳಗಿನ ಅಂಗಡಿಯಿಂದ ಮಾತ್ರ. ‘ಪಿಎಂ ಕಿಸಾನ್ ಹೊಸ ಆ್ಯಪ್’ ಎಂದು ವಾಟ್ಸಾಪಿನಲ್ಲಿ ಬರುವ ಎಪಿಕೆ ಕಡತವನ್ನು ಒತ್ತಿ ಹಣ ಕಳೆದುಕೊಂಡವರಿದ್ದಾರೆ. ಸ್ನೇಹಿತರೇ ಕಳಿಸಿದ್ದರೂ ಅದನ್ನು ತೆರೆಯಬಾರದು, ಅವರ ಫೋನೇ ಕಳ್ಳರ ಕೈಗೆ ಸಿಕ್ಕಿರಬಹುದು. ಹನಿ ನೀರಾವರಿಗೆ ಸ್ವಯಂಚಾಲಿತ ನಿಯಂತ್ರಕ ಹಾಕಿಸಿದವರು ಅದರ ಹೊಸ ಆವೃತ್ತಿಯನ್ನು ಏಪ್ರಿಲ್ ಬಿಸಿಲಿನಲ್ಲಿ ಹಾಕಿಸದೆ, ಮಳೆ ಬಿದ್ದು ನೀರಿನ ಆತುರ ತಗ್ಗಿದಾಗ ಹಾಕಿಸಿಕೊಳ್ಳಬಹುದು. ಅಂದು ಕೈಯಿಂದ ತೆರೆಯುವ ವಾಲ್ವ್ ಕೆಲಸ ಮಾಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿರಿ.

ಹೊಸ ಆವೃತ್ತಿ ಹಾಕಿದ ಮೇಲೆ ಗೊಬ್ಬರ, ಔಷಧಿ ಅಥವಾ ನೀರಿನ ಪ್ರಮಾಣ ಹಿಂದಿನದಕ್ಕಿಂತ ಬೇರೆಯಾಗಿ ಕಂಡರೆ ಕೊಳ್ಳುವ ಮೊದಲು ಕೇಳಿರಿ. ಫೋನು ಹೇಳಿತೆಂದು ಅನುಭವವನ್ನು ಬದಿಗಿಡಬೇಕಾಗಿಲ್ಲ. ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಆ್ಯಪಿನ ‘ಬಗ್ಗೆ’ ಎಂಬ ಭಾಗದಲ್ಲಿರುವ ಆವೃತ್ತಿಯ ಸಂಖ್ಯೆಯನ್ನು ಬರೆದುಕೊಂಡು, ನಿಮ್ಮ ಫೋನು ಯಾವ ಕಂಪನಿಯದು, ಎಂದು ಕೊಂಡದ್ದು ಎಂಬುದನ್ನೂ ಸೇರಿಸಿ ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿರಿ. ಇಷ್ಟು ವಿವರ ಇದ್ದರೆ ತಪ್ಪು ಎಲ್ಲಿದೆಯೆಂದು ಹುಡುಕುವ ಕೆಲಸ ಬೇಗ ಮುಗಿಯುತ್ತದೆ. ಸತ್ತಿಯ ಆ ಹಿರಿಯರ ಹೆಸರು ಈಗ ನಮ್ಮ ಮೊದಲ ಇಪ್ಪತ್ತು ಮಂದಿಯ ಪಟ್ಟಿಯಲ್ಲಿದೆ. ಹೊಸ ಆವೃತ್ತಿ ಹೋದ ಮಂಗಳವಾರ ಮಧ್ಯಾಹ್ನದೊಳಗೆ ಅವರ ಫೋನು ಬರುತ್ತದೆ. ಬಾರದಿದ್ದರೆ ನಾವೇ ಮಾಡುತ್ತೇವೆ.